ಅರಿವು ಕೇಂದ್ರದ ಕೀಲಿ ಎರಡು ತಾಸು ನಮಗೆ ಕೊಡಿಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮ ಕಾಲೇಜಿನ ಕಾರ್ಯಕ್ರಮದಲ್ಲಿ ತಾವು ಎನ್‌ಎಸ್‌ಎಸ್ ತಂಡಕ್ಕೆ ಶಾಲು ಹೊದಿಸಿ, "ಏನ್ ಬೇಕು ಕೇಳ್ರಿ" ಅಂದಿದ್ದಿರಿ. ವೇದಿಕೆ ಮೇಲೆ ಮಾತು ಹೊರಡಲಿಲ್ಲ. ಈಗ ಕೇಳುತ್ತಿದ್ದೇನೆ.

ತಂಡದಲ್ಲಿ ನಾವು 14 ಮಂದಿ. ಎರಡು ವರ್ಷಕ್ಕೆ 240 ತಾಸು ಸೇವೆ ಮಾಡಬೇಕೆಂಬುದು ರಾಷ್ಟ್ರೀಯ ಸೇವಾ ಯೋಜನೆಯ ನಿಯಮ. ರಸ್ತೆ ಗುಡಿಸಿ ಫೋಟೊ ತೆಗೆಸಿಕೊಂಡರೂ ಲೆಕ್ಕ ತುಂಬುತ್ತದೆ. ಮೊದಲ ವರ್ಷ ನಾವೂ ಅದನ್ನೇ ಮಾಡಿದೆವು. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ 2024ರಲ್ಲಿ ಯಾದಗಿರಿ ಕಟ್ಟಕಡೆಗೆ, 2025ರಲ್ಲಿ ಕಲಬುರಗಿ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂದ ಮೇಲೆ ನಮ್ಮ ಭಾಗದ ಬಣ್ಣ ಬಯಲಾಯಿತು ಅಂತ ಆಡಿಕೊಂಡವರು ಬಹಳ. ಹತ್ತನೇ ತರಗತಿಯ ಮಕ್ಕಳ ಜೊತೆ ನಾವು ಕೂಡತೊಡಗಿದ್ದು ಆಮೇಲೆ.

ಮೊದಲ ದಿನ ನಾನು 'ವೃತ್ತಿ ಮಾರ್ಗದರ್ಶನ'ದ ದೊಡ್ಡ ಚಾರ್ಟು ಹಿಡಿದು ಹೋಗಿದ್ದೆ. ಒಬ್ಬ ಹುಡುಗನಿಗೆ ಪಾಠ ಓದು ಅಂದೆ. 'ರಾಷ್ಟ್ರ' ಇದ್ದಲ್ಲಿ 'ರಾಷ' ಅಂದ. ಒತ್ತಕ್ಷರ ಬಂದಲ್ಲೆಲ್ಲ ಹಾರಿಸುತ್ತ, ಎಲ್ಲೂ ನಿಲ್ಲದೆ, ಪುಟ ಮುಗಿಸಿದ. ಸಾಲಿನ ಮೇಲೆ ಓಡಾಡುತ್ತಿದ್ದ ಬೆರಳಿನ ತುದಿ ತುಂಬ ಗೀರು, ಒಣಗಿದ ಹತ್ತಿಕಾಯಿಯ ಮೊನೆ ತಾಗಿದ್ದು. ಹತ್ತಿ ಒಡೆಯುವ ಕಾಲಕ್ಕೆ ಇಂಥವರು ಶಾಲೆಯಲ್ಲಿ ಇರುವುದೇ ಕಡಿಮೆ. ಚಾರ್ಟು ಸುತ್ತಿಟ್ಟೆ. ಮರುದಿನದಿಂದ ಒತ್ತಕ್ಷರ.

ಮಕ್ಕಳು ಹೊಲದಿಂದ ಬರುವುದು ಆರಕ್ಕೆ. ಕೈಕಾಲು ತೊಳೆದು, ರೊಟ್ಟಿ ತಿಂದು ಪುಸ್ತಕ ಹಿಡಿಯುವಷ್ಟರಲ್ಲಿ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ, ಬೀಗ ಬಿದ್ದಿರುತ್ತದೆ. ಒಳಗೆ ಟೇಬಲ್ಲು, ಟ್ಯೂಬ್‌ಲೈಟು, ಕಂಪ್ಯೂಟರ್ ಎಲ್ಲ ಇವೆ. ನಾವು ಹಣಮಪ್ಪನ ಗುಡಿ ಕಟ್ಟೆ ಮೇಲೆ ಬೀದಿದೀಪದಡಿ ಕೂಡುತ್ತೇವೆ. ಮಳೆ ಬಂದರೆ ಪಾಠ ಇಲ್ಲ. ಹುಡುಗಿಯರಂತೂ ಬರುವುದೇ ಇಲ್ಲ. ಕತ್ತಲಾದ ಮೇಲೆ ಗುಡಿ ಕಟ್ಟೆ ಗಂಡಸರದ್ದು, ತಮಗೂ ಗೊತ್ತು. "ಲೈಬ್ರರಿಗಾದ್ರ ಕಳಸ್ತೀನವ್ವಾ, ಕಟ್ಟಿಗಿ ಬ್ಯಾಡ" ಎಂದು ಒಬ್ಬ ತಾಯಿ ಬಾಗಿಲಲ್ಲೇ ಹೇಳಿದರು. ಆಕೆಯ ಮಗಳಿಗೆ ಲೆಕ್ಕ ನಮಗಿಂತ ಚಲೋ ಬರುತ್ತದೆ.

ಇದರಲ್ಲಿ ಗ್ರಂಥಾಲಯ ಮೇಲ್ವಿಚಾರಕರ ತಪ್ಪಿಲ್ಲ. ಅವರ ಕೆಲಸದ ಹೊತ್ತು ಮುಗಿದಿರುತ್ತದೆ. ಕಂಪ್ಯೂಟರ್ ಕಳುವಾದರೆ ಯಾರನ್ನು ಕೇಳುವುದು ಎಂಬ ಪಂಚಾಯಿತಿಯವರ ಅಂಜಿಕೆಯೂ ಸುಳ್ಳಲ್ಲ. ಬಾಯಿಮಾತಿಗೆ ಕೀಲಿ ಕೊಡಲಾಗದು, ಕಾಗದ ಬೇಕು ಅಂದರು.

ಆ ಕಾಗದಕ್ಕಾಗಿ ತಮ್ಮ ಒಂದು ಮಾತು ಬೇಕು. ಸಂಜೆ ಆರೂವರೆಯಿಂದ ಎಂಟೂವರೆವರೆಗೆ, ಪರೀಕ್ಷೆ ಮುಗಿಯುವ ತನಕ, ಕೇಂದ್ರವನ್ನು ನಮ್ಮ ತಂಡಕ್ಕೆ ಬಿಟ್ಟುಕೊಡುವ ಠರಾವು ಪಂಚಾಯಿತಿಯ ಮುಂದಿನ ಸಭೆಯಲ್ಲಿ ಆಗಲಿ. ಒಳಗಿನ ಸಾಮಾನಿನ ಪಟ್ಟಿ ಮಾಡಿಕೊಡಲಿ. ಒಂದೊಂದನ್ನೂ ಎಣಿಸಿ, ಸಹಿ ಹಾಕಿ ಕೀಲಿ ತೆಗೆದುಕೊಳ್ಳುತ್ತೇನೆ. ನನ್ನ ಪದವಿ ಈ ವರ್ಷ ಮುಗಿಯುತ್ತದೆ, ಅದಕ್ಕೆ ನನ್ನ ಸಹಿಯ ಕೆಳಗೆ ಎರಡನೇ ವರ್ಷದ ಇಬ್ಬರ ಸಹಿಗೂ ಜಾಗ ಬಿಡಲು ಹೇಳಿ.

ಇಂತಿ,
ಎನ್‌ಎಸ್‌ಎಸ್ ತಂಡದ ವಿದ್ಯಾರ್ಥಿ ನಾಯಕಿ
ಬಿ.ಎಸ್‌ಸಿ ಅಂತಿಮ ವರ್ಷ