ಮಗಳಿಗೊಂದು ಪತ್ರ: ಗಿಡಕ್ಕೆ ಈಗ ನೀರು ಬೇಡ

ಪುಟ್ಟಿ,

ರಾತ್ರಿ ನೀನು ಕಳಿಸಿದ ಫೋಟೋವನ್ನು ಬೆಳಗ್ಗೆ ಕನ್ನಡಕ ಹಾಕಿಕೊಂಡು ಮತ್ತೆ ನೋಡಿದೆ. ಜೀಜೀ ಗಿಡ (ZZ ಪ್ಲಾಂಟ್) ಹಳದಿಯಾಗುತ್ತಿದೆ, ನೀರು ಸಾಲುತ್ತಿಲ್ಲವೇನೋ ಅಂತ ದಿನಾ ಒಂದು ಲೋಟ ಹಾಕುತ್ತಿದ್ದೇನೆ ಅಂತ ಬರೆದಿದ್ದೀಯ. ಮೊದಲು ಆ ಲೋಟ ನಿಲ್ಲಿಸು. ಉಳಿದಿದ್ದು ಆಮೇಲೆ ಓದು.

ಬುಡದ ಒಂದೆರಡು ಎಲೆ ವಯಸ್ಸಾಗಿ ಹಣ್ಣಾದರೆ ಚಿಂತೆಯಿಲ್ಲ. ಆದರೆ ನಿನ್ನ ಗಿಡದಲ್ಲಿ ಎರಡು ದಂಟು ಪೂರ್ತಿ ಹಳದಿ. ಅದು ಬಾಯಾರಿಕೆ ಅಲ್ಲ, ನೀರು ಜಾಸ್ತಿಯಾಗಿದೆ. ನೀನು ಹೈಸ್ಕೂಲಲ್ಲಿದ್ದಾಗ ನಾನೂ ಇದೇ ತಪ್ಪು ಮಾಡಿದ್ದೆ. ತುಳಸಿಗೆ ಹಾಕುವ ಹೊತ್ತಿಗೇ ಇದಕ್ಕೂ ಒಂದು ಚೊಂಬು ಸುರಿಯುತ್ತಿದ್ದೆ. ಒಂದು ದಿನ ದಂಟು ಬಾಗಿತು ಅಂತ ಹಿಡಿದು ಎತ್ತಿದರೆ ಬುಡದಲ್ಲಿ ಮೆತ್ತಗಾಗಿ ಕೈಗೇ ಕಿತ್ತು ಬಂತು, ಕೊಳೆತ ಆಲೂಗಡ್ಡೆಯ ವಾಸನೆ. ತುಂಬಾ ಬೇಜಾರಾಗಿತ್ತು. ನಿನಗೆ ಹಾಗಾಗಬಾರದು.

ಮಣ್ಣೊಳಗೆ ಅದಕ್ಕೆ ಆಲೂಗಡ್ಡೆಯಂಥ ಗಡ್ಡೆಗಳಿವೆ, ಗೊತ್ತಾ? ಅದರ ಊರು ಆಫ್ರಿಕಾದ ಪೂರ್ವದ ಕಡೆ. ಕೀನ್ಯಾ, ತಾಂಜಾನಿಯಾದಿಂದ ದಕ್ಷಿಣ ಆಫ್ರಿಕಾವರೆಗೂ ಬೆಳೆಯುತ್ತದೆ. ಅಲ್ಲಿ ಮಳೆ ಬಂದಾಗ ಕುಡಿದು, ಗಡ್ಡೆಯಲ್ಲಿ, ದಪ್ಪ ದಂಟಿನಲ್ಲಿ, ಎಲೆಯಲ್ಲಿ ತುಂಬಿಸಿಟ್ಟುಕೊಂಡು ಒಣ ತಿಂಗಳುಗಳನ್ನು ಕಳೆಯುತ್ತದೆ. ಒಂದು ಎಲೆ ಮುರಿದು ನೋಡು, ಎಷ್ಟು ರಸ! ನಾನು ಚಿಕ್ಕವಳಿದ್ದಾಗ ಇದು ಯಾರ ಮನೆಯಲ್ಲೂ ಇರಲಿಲ್ಲ. 1996ರ ಸುಮಾರಿಗೆ ಹಾಲೆಂಡಿನ ನರ್ಸರಿಗಳು ದೊಡ್ಡದಾಗಿ ಬೆಳೆಸೋಕೆ ಶುರು ಮಾಡಿದ ಮೇಲೆ ಎಲ್ಲ ಕಡೆ ಹಬ್ಬಿದ್ದು.

ಭಾನುವಾರ ಬಿಡುವು ಮಾಡಿಕೊಂಡು ಕುಂಡವನ್ನು ಪೇಪರ್ ಮೇಲೆ ಬೋರಲು ಹಾಕಿ ಗಿಡ ಹೊರಗೆ ತೆಗಿ. ಹಸಿ ಮಣ್ಣು ಉದುರಿಸು. ಗಡ್ಡೆಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡು. ಗಟ್ಟಿ ಇದ್ದರೆ ಅದು ಚೆನ್ನಾಗಿದೆ. ಮೆತ್ತಗಿರುವುದನ್ನೂ ಕಪ್ಪಾದ ಬೇರನ್ನೂ ತೊಳೆದ ಚಾಕುವಿನಿಂದ ಕತ್ತರಿಸಿ ಎಸಿ, ಸ್ವಲ್ಪವೂ ಉಳಿಸಬೇಡ. ಒಂದೆರಡು ದಿನ ನೆರಳಲ್ಲಿ ಹಾಗೇ ಬಿಡು, ಕತ್ತರಿಸಿದ ಜಾಗ ಒಣಗಲಿ. ಆಮೇಲೆ ಕೆಂಪು ಮಣ್ಣು, ದಪ್ಪ ಮರಳು, ಸ್ವಲ್ಪ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿ ನೆಡು. ಬರೀ ಕೊಕೊಪೀಟ್ ಬೇಡ, ಅದು ನೀರು ಹಿಡಿದುಕೊಂಡೇ ಕೂರುತ್ತದೆ. ನೆಟ್ಟ ಮೇಲೆ ಒಂದು ವಾರ ನೀರಿನ ಸುದ್ದಿಗೇ ಹೋಗಬೇಡ.

ಮುಂದೆ ಲೆಕ್ಕ ಹೇಗೆ ಅಂದರೆ, ಉರಿದುಹೋದ ಊದುಬತ್ತಿಯ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ತೆಗಿ. ಮಣ್ಣು ಅಂಟಿಕೊಂಡು ಬಂದರೆ ಇನ್ನೂ ಕಾಯಬೇಕು. ಪೂರ್ತಿ ಒಣಗಿ ಬಂದಾಗ ಮಾತ್ರ ತಳದ ತೂತಿನಿಂದ ಇಳಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲು. ಬೆಂಗಳೂರಿನ ಹವೆಗೆ ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಾಕು.

ಆ ಬಚ್ಚಲ ಪಕ್ಕದ ಮೂಲೆಯಿಂದಲೂ ತೆಗೆದುಬಿಡು. ಕತ್ತಲಲ್ಲೂ ಬದುಕುತ್ತೆ ಅಂತ ಅಂಗಡಿಯವರು ಹೇಳುವುದು ಸುಳ್ಳಲ್ಲ, ಆದರೆ ಬೆಳಕು ಕಮ್ಮಿಯಾದಷ್ಟೂ ಗಿಡ ನೀರು ಎಳೆಯುವುದು ನಿಧಾನ, ಮಣ್ಣು ಒಣಗುವುದೂ ನಿಧಾನ, ಹಾಗಾಗಿ ಅಲ್ಲಿ ಒಂದು ಲೋಟ ನೀರೂ ಹೆಚ್ಚೇ. ಕಿಟಕಿ ಹತ್ತಿರ, ಬಿಸಿಲು ನೇರ ಬೀಳದ ಕಡೆ ಇಡು.

ಒಂದು ವಿಷಯ ಮರೆಯಬೇಡ. ಇದು ಕೆಸು, ಸುವರ್ಣಗಡ್ಡೆಯ ಬಳಗದ ಗಿಡ. ಪತ್ರೊಡೆ ಮಾಡುವಾಗ ನಾಲಿಗೆ ತುರಿಸಬಾರದು ಅಂತ ಅಜ್ಜಿ ಹುಣಸೆಹುಳಿ ಹಾಕದೆ ಬಿಡುತ್ತಿರಲಿಲ್ಲ ಅಲ್ವಾ, ಹಾಗೆ ತುರಿಸುವ ಸೂಜಿಯಂಥ ಸಣ್ಣ ಹರಳುಗಳು ಇದರಲ್ಲೂ ಇವೆ. ಕತ್ತರಿಸಿದ ಮೇಲೆ ಸೋಪು ಹಾಕಿ ಕೈ ತೊಳಿ. ನಿನ್ನ ರೂಮ್‌ಮೇಟಿನ ಬೆಕ್ಕು ಎಲೆ ಕಚ್ಚದ ಹಾಗೆ ನೋಡಿಕೋ.

ಹಳದಿಯಾಗದೆ ಉದುರಿದ ಎಲೆಗಳಿದ್ದರೆ ಎಸೆಯಬೇಡ. ನನ್ನ ಗಿಡ ಕೊಳೆತಾಗ ನಾಲ್ಕು ಹಸಿರು ಎಲೆ ಉಳಿದಿದ್ದವು. ತೊಟ್ಟಿನ ಕಡೆಯಿಂದ ಮಣ್ಣಿಗೆ ಚುಚ್ಚಿ ಸುಮ್ನೆ ಬಿಟ್ಟಿದ್ದೆ. ತಿಂಗಳುಗಟ್ಟಲೆ ಏನೂ ಕಾಣಲಿಲ್ಲ. ಕೊನೆಗೊಂದು ದಿನ ತಡೆಯಲಾರದೆ ಒಂದನ್ನು ಮೆಲ್ಲಗೆ ಎತ್ತಿ ನೋಡಿದರೆ, ತುದಿಯಲ್ಲಿ ಬಟಾಣಿ ಗಾತ್ರದ ಗಡ್ಡೆ, ಅದರಿಂದ ನಾಲ್ಕೈದು ಬಿಳಿ ಬೇರು! ಮತ್ತೆ ಹಾಗೇ ಮುಚ್ಚಿಟ್ಟೆ. ನೀನು ಬೆಂಗಳೂರಿಗೆ ತಗೊಂಡು ಹೋಗಿದ್ದು ಅದೇ ಗಿಡದಿಂದ ಬೇರೆ ಮಾಡಿದ್ದು.

ಭಾನುವಾರ ಗಡ್ಡೆ ತೆಗೆದಾಗ ವಿಡಿಯೋ ಕಾಲ್ ಮಾಡು. ಎಷ್ಟು ಗಟ್ಟಿ ಇವೆ ಅಂತ ನನ್ನ ಎದುರಿಗೇ ಒತ್ತಿ ತೋರಿಸು.

ನಿನ್ನ
ಅಮ್ಮ