ಇಂದ್ರಾಯಣಿಯ ಬಸವನಹುಳುಗಳನ್ನೂ ಎಣಿಸಿ: ಮಹಾರಾಷ್ಟ್ರದ ಪರಿಸರ ಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮಂತ್ರಿಗಳೇ,

ನಮಸ್ಕಾರ. ಇಂದ್ರಾಯಣಿ, ಪವನಾ ನದಿಗಳ ಬಗ್ಗೆ ನಿಮಗೆ ಬರುವ ದೂರುಗಳು ಹೆಚ್ಚಾಗಿ ನೊರೆಯ ಬಗ್ಗೆಯೇ ಇರುತ್ತವೆ. ಆಳಂದಿಯ ಘಾಟಿನಲ್ಲಿ ಬಿಳಿ ನೊರೆ ತೇಲಿದ ದಿನ ಟಿವಿಯವರು ಬರುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ, ಒಂದಿಷ್ಟು ಕಡೆ ನೋಟಿಸ್ ಹೋಗುತ್ತದೆ. ನೊರೆ ಇಳಿದ ಮೇಲೆ ಮಾತೂ ಇಳಿಯುತ್ತದೆ. ನನ್ನ ದೂರು ಬಸವನಹುಳುಗಳ ಬಗ್ಗೆ. ನಗು ಬಂದರೆ ನಗಿ, ಆದರೆ ಪೂರ್ತಿ ಓದಿ.

ಇದರ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲೂ ಯಾಕೆ ಬರೆದೆ ಅಂದರೆ, ಈ ನೀರು ಪುಣೆಯಲ್ಲಿ ನಿಲ್ಲುವುದಿಲ್ಲ. ಇಂದ್ರಾಯಣಿ ತುಳಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಪವನಾ ದಾಪೋಡಿ ಹತ್ತಿರ ಮುಳೆಗೆ, ಮುಳಾ ಪುಣೆಯ ನಡುವೆ ಮುಠೆಗೆ, ಎರಡೂ ಕೂಡಿ ದೌಂಡ್ ಕಡೆ ಹೋಗಿ ಅದೇ ಭೀಮೆಗೆ. ಅಲ್ಲಿಂದ ಉಜನಿ ಡ್ಯಾಮು, ಪಂಢರಪುರ, ಸೊಲ್ಲಾಪುರ ಜಿಲ್ಲೆ ದಾಟಿ ನಮ್ಮ ವಿಜಯಪುರ, ಕಲಬುರಗಿ, ಯಾದಗಿರಿ. ನಾನು ಅಫಜಲಪುರ ತಾಲ್ಲೂಕಿನವ. ಗಾಣಗಾಪುರದ ಸಂಗಮದಲ್ಲಿ ದತ್ತನ ಭಕ್ತರು ಮುಳುಗು ಹಾಕುವುದು ಇದೇ ನೀರಿನಲ್ಲಿ. ಪುಣೆ ಪಕ್ಕದ ಭೋಸರಿ, ಪಿಂಪರಿಯ ಕಾರ್ಖಾನೆಗಳಲ್ಲಿ ದುಡಿಯುವ ನನ್ನಂಥವರಿಗೆ ಇಲ್ಲಿ ಮೂಗು ಮುಚ್ಚಿಕೊಳ್ಳುವ ಪಾಡು. ಅಲ್ಲಿ ಕುಡಿಯುವವರೂ ನಮ್ಮವರೇ.

ನದಿಯ ನೀರನ್ನು ಯಾರೂ ಪರೀಕ್ಷೆ ಮಾಡುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಿಗದಿ ಮಾಡಿದ ಜಾಗಗಳಲ್ಲಿ ಬಾಟಲಿ ತುಂಬಿ ಒಯ್ಯುತ್ತಾರೆ. ಆಮ್ಲಜನಕ, ಬಿಒಡಿ (ನೀರಿನ ಕೊಳೆ ಕರಗಲು ಬೇಕಾಗುವ ಆಮ್ಲಜನಕ), ಪಿಎಚ್, ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಎಲ್ಲ ಬರೆದಿಡುತ್ತಾರೆ. ಆದರೆ ಬಾಟಲಿಗೆ ಗೊತ್ತಿರುವುದು ಅದನ್ನು ಮುಳುಗಿಸಿದ ಆ ಗಳಿಗೆ ಮಾತ್ರ. ಬೆಳಿಗ್ಗೆ ಹನ್ನೊಂದಕ್ಕೆ ತುಂಬಿದ ಬಾಟಲಿಗೆ, ರಾತ್ರಿ ಎರಡಕ್ಕೆ ಕೊಳಚೆ ನಾಲೆಗೆ ಏನು ಬಿಟ್ಟರು ಅಂತ ಹೇಗೆ ಗೊತ್ತಾಗಬೇಕು?

ಈ ಮಾತನ್ನು ಸುಮ್ನೆ ಆಡುತ್ತಿಲ್ಲ. ನನ್ನ ಕೂದಲು ಬೆಳ್ಳಗಾಗಿದ್ದೇ ಪ್ಲೇಟಿಂಗ್ ಕೆಲಸದಲ್ಲಿ, ಅಂದರೆ ಸಾಮಾನುಗಳಿಗೆ ಲೋಹದ ಲೇಪ ಹಾಕುವ ಕೆಲಸದಲ್ಲಿ. ತಾಮ್ರದ ಟ್ಯಾಂಕಿನಿಂದ ಜಾಬ್, ಅಂದರೆ ಆ ಸಾಮಾನು, ಎತ್ತಿದಾಗ ಅದರ ಮೈಗೆ ಒಂದಿಷ್ಟು ದ್ರಾವಣ ಅಂಟಿಕೊಂಡೇ ಬರುತ್ತದೆ. ಅದನ್ನು ಪಕ್ಕದ ನೀರಿನಲ್ಲಿ ಅದ್ದಿ ತೊಳೆಯುತ್ತೇವೆ. ಆಮೇಲೆ ನಿಕಲ್, ಮತ್ತೆ ತೊಳೆಯುವುದು. ಆಮೇಲೆ ಕ್ರೋಮ್, ಮತ್ತೆ ತೊಳೆಯುವುದು. ತಾಮ್ರದ ತೊಳೆ ನೀರು ತಿಳಿ ನೀಲಿ, ನಿಕಲ್ಲಿನದು ಹಸಿರು, ಕ್ರೋಮಿನದು ಹಳದಿ. ಇದನ್ನು ಸರಿಯಾಗಿ ಶುದ್ಧ ಮಾಡಬೇಕೆಂದರೆ ಮೊದಲು ಕ್ರೋಮಿನ ವಿಷ ಮುರಿಯಬೇಕು, ಆಮೇಲೆ ಸುಣ್ಣ ಹಾಕಿ ಪಿಎಚ್ ಏರಿಸಬೇಕು, ಲೋಹ ಕೆಸರಾಗಿ ಕೂರುವವರೆಗೆ ಕಾಯಬೇಕು. ಆ ಕೆಸರನ್ನು ಒತ್ತಿ, ಚೀಲಕ್ಕೆ ತುಂಬಿ, ದುಡ್ಡು ಕೊಟ್ಟು ವಿಲೇವಾರಿಗೆ ಕಳಿಸಬೇಕು. ದೊಡ್ಡ ಕಂಪನಿಗೆ ಇದು ದಿನದ ಖರ್ಚು. ನಾಲ್ಕೈದು ಟ್ಯಾಂಕ್ ಇಟ್ಟುಕೊಂಡು ಬಾಡಿಗೆ ಶೆಡ್ಡಿನಲ್ಲಿ ಕೆಲಸ ನಡೆಸುವವನಿಗೆ ಲಾಭವೇ ತಿಂದುಹೋಗುವ ಖರ್ಚು. ಅದಕ್ಕೇ ಮಳೆಗಾಲದ ಮೊದಲ ಜೋರು ಮಳೆಗೆ ಕಾದು ಟ್ಯಾಂಕ್ ತೊಳೆಯುವುದನ್ನು ಕಣ್ಣಾರೆ ನೋಡಿದ್ದೇನೆ. ಮಾಲೀಕರ ಹೆಸರು ಇಲ್ಲಿ ಬೇಡ. ಒಬ್ಬರನ್ನು ಹಿಡಿದರೆ ಮುಗಿಯುವ ಕಥೆಯೂ ಇದಲ್ಲ.

ಈ ತಾಮ್ರ ಬಸವನಹುಳುವಿಗೆ ಏನು ಮಾಡುತ್ತದೆ ನೋಡಿ. ನಮ್ಮ ರೈತರು ದ್ರಾಕ್ಷಿಗೆ, ಅಡಿಕೆಗೆ ಸುಣ್ಣದ ಜೊತೆ ಬೆರೆಸಿ ಹೊಡೆಯುವ ಮೈಲುತುತ್ತ ಇದೆಯಲ್ಲ, ಅದು ತಾಮ್ರದ ಲವಣ. ಈಜಿಪ್ಟಿನ ಕಾಲುವೆಗಳಲ್ಲಿ ಬಸವನಹುಳು ಕೊಲ್ಲಲೆಂದೇ ಅದನ್ನು ದಶಕಗಳ ಕಾಲ ಸುರಿದಿದ್ದಾರೆ. ಅಂದರೆ ಇದು ಹೊಸ ಸಂಗತಿಯೇನಲ್ಲ. ಸಿಹಿನೀರಿನಲ್ಲಿ ಉಪ್ಪಿನಂಶ ಬಹಳ ಕಡಿಮೆ. ಅದರಲ್ಲೇ ಹುಳು ತನ್ನ ಮೈಗೆ ಬೇಕಾದ ಸೋಡಿಯಂ ಹೀರಿಕೊಂಡು ಬದುಕಬೇಕು. ತಾಮ್ರ ಆ ಹೀರುವ ದಾರಿಯನ್ನೇ ಕಟ್ಟಿಬಿಡುತ್ತದೆ. ವಿಚಿತ್ರ ಅಂದರೆ ಬಹುಪಾಲು ಬಸವನಹುಳುಗಳ ರಕ್ತದಲ್ಲಿ ಉಸಿರು ಹೊರುವುದೂ ತಾಮ್ರವೇ. ಬೇಕಾದದ್ದು ಒಂದು ಚೂರು, ಅದಕ್ಕಿಂತ ಸ್ವಲ್ಪ ಜಾಸ್ತಿಯಾದರೆ ಅದೇ ವಿಷ. ಸೀಸ, ಕ್ಯಾಡ್ಮಿಯಂಗಳದ್ದು ಇನ್ನೊಂದು ದಾರಿ. ಚಿಪ್ಪು ಕಟ್ಟಲು ಹುಳು ನೀರಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತಲೇ ಇರುತ್ತದೆ. ಈ ಲೋಹಗಳು ಅದರ ಜೊತೆಗೇ ಒಳಗೆ ನುಗ್ಗುತ್ತವೆ.

ಸಾವು ಕೊನೆಗೆ ಬರುವಂಥದ್ದು. ಮೊದಲು ನಿಲ್ಲುವುದು ಬೆಳವಣಿಗೆ. ಯುರೋಪಿನ ಕೆರೆಗಳ ಒಂದು ಬಸವನಹುಳುವಿನ ಮೇಲೆ ನಡೆದ ಪ್ರಯೋಗಗಳಲ್ಲಿ, ಲೀಟರಿಗೆ 2 ಮೈಕ್ರೋಗ್ರಾಂ ಆಸುಪಾಸಿನ ತಾಮ್ರಕ್ಕೇ ಮರಿಗಳ ಬೆಳವಣಿಗೆ ಕುಗ್ಗಿದ್ದು ಕಂಡಿದೆ. ನಮ್ಮ ದಖ್ಖನ್ನಿನ ನೀರು ಗಡಸು, ಗಡಸು ನೀರಿನಲ್ಲಿ ತಾಮ್ರದ ಏಟು ಸ್ವಲ್ಪ ಮೆತ್ತಗಾಗುತ್ತದೆ, ಒಪ್ಪಿಕೊಳ್ಳೋಣ. ಆದರೂ ನಮ್ಮ ಕಾನೂನಿನ ಅಂಕಿ ನೋಡಿ. 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ಕಾರ್ಖಾನೆಯೊಂದು ನದಿಗೆ ಬಿಡುವ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ತಾಮ್ರ ಇರಬಹುದು. ಅಂದರೆ 3,000 ಮೈಕ್ರೋಗ್ರಾಂ. ನಿಕಲ್ಲಿಗೂ 3 ಮಿಲಿಗ್ರಾಂ, ಸತುವಿಗೆ 5. ಕದ್ದು ಬಿಡುವವರ ಮಾತು ಹಾಗಿರಲಿ, ಕಾನೂನು ಪಾಲಿಸುವವನು ಬಿಡುವ ನೀರೇ ಹುಳುವಿನ ಲೆಕ್ಕದಲ್ಲಿ ಸಾವಿರ ಪಟ್ಟು ಜಾಸ್ತಿ. ನದಿಗೆ ಬಿದ್ದ ಮೇಲೆ ಬೆರೆತು ತೆಳುವಾಗುತ್ತದೆ ಎಂಬ ಧೈರ್ಯದ ಮೇಲೆ ಆ ಮಿತಿ ನಿಂತಿದೆ. ಫೆಬ್ರವರಿ ಕಳೆದ ಮೇಲೆ ಇಂದ್ರಾಯಣಿಯಲ್ಲಿ ಬೆರೆಯಲು ಒಳ್ಳೆಯ ನೀರು ಎಷ್ಟಿರುತ್ತದೆ, ನೀವೇ ಹೇಳಿ. ಚಿಖಲಿ, ಮೋಶಿ ಕಡೆ ನಿಂತು ನೋಡಿದರೆ ಹರಿಯುವುದು ಹೆಚ್ಚುಕಡಿಮೆ ಕೊಳಚೆ ನಾಲೆಗಳ ನೀರೇ.

ಸತ್ತ ಮೀನು ತೇಲುತ್ತದೆ, ಫೋಟೋಗೆ ಸಿಗುತ್ತದೆ. ಬೆಳೆಯದ, ಮರಿ ಹಾಕದ ಬಸವನಹುಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಬೇಕಿದ್ದರೆ ನೀವೇ ನೋಡಬಹುದು, ದೊಡ್ಡ ಉಪಕರಣವೇನೂ ಬೇಡ. ಕಾಮಶೇತ್ ಕಡೆ, ನದಿ ಇನ್ನೂ ಕೈಗಾರಿಕೆಗಳನ್ನು ಮುಟ್ಟದ ಜಾಗದಲ್ಲಿ, ದಡದ ಒಂದು ಕಲ್ಲು ಎತ್ತಿ. ಹಸಿರು ಮಿಶ್ರಿತ ಕಂದು ಚಿಪ್ಪಿನ, ಮೈಮೇಲೆ ಕಪ್ಪು ಪಟ್ಟೆ ಇರುವ ಹುಳು ಸಿಗುತ್ತದೆ. ಮುಟ್ಟಿದ ಕೂಡಲೇ ಒಳಗೆ ಸರಿದು, ತೆಳ್ಳಗಿನ ಕಂದು ಮುಚ್ಚಳ ಎಳೆದುಕೊಂಡು ಬಾಗಿಲು ಹಾಕುತ್ತದೆ. ವಿಜ್ಞಾನಿಗಳು ಇದನ್ನು ಬೆಲ್ಲಾಮಿಯ ಅನ್ನುತ್ತಾರೆ. ಇದು ಮೊಟ್ಟೆ ಇಡುವುದಿಲ್ಲ. ತಾಯಿಯ ಒಳಗೇ ಚಿಪ್ಪು ಕಟ್ಟಿಕೊಂಡ ಪುಟಾಣಿ ಮರಿಗಳು ಹೊರಗೆ ಬರುತ್ತವೆ. ಉಸಿರಾಡುವುದು ಕಿವಿರಿನಿಂದ, ನೀರಿನಲ್ಲಿ ಕರಗಿದ ಆಮ್ಲಜನಕವೇ ಇದಕ್ಕೆ ಗತಿ.

ಈಗ ಕೆಳಗೆ, ಊರು ದಾಟಿದ ಮೇಲೆ, ಅದೇ ನದಿಯ ಇನ್ನೊಂದು ಕಲ್ಲು ಎತ್ತಿ. ಅಡಿಯಲ್ಲಿ ಕರಿ ಜಿಡ್ಡು. ಹುಳು ಇಲ್ಲವೇ ಇಲ್ಲ ಅಂತಲ್ಲ, ಕೆಲವೊಮ್ಮೆ ರಾಶಿಯೇ ಇರುತ್ತದೆ. ಆದರೆ ಅದು ಬೇರೆ ಜಾತಿ. ಉಗುರಿನಷ್ಟು ದೊಡ್ಡದು, ತೆಳು ಚಿಪ್ಪು, ಮುಚ್ಚಳ ಇಲ್ಲ. ತುದಿ ಮೇಲೆ ಮಾಡಿ ಬಾಯಿಯನ್ನು ನಿಮ್ಮ ಕಡೆ ತಿರುಗಿಸಿ ಹಿಡಿದರೆ, ಬಾಯಿ ಎಡಗಡೆ ಇರುತ್ತದೆ. ಬೇರೆ ಬಹುತೇಕ ಬಸವನಹುಳುಗಳಲ್ಲಿ ಬಲಗಡೆ. ಇದು ಫೈಸಾ, ಉತ್ತರ ಅಮೆರಿಕದಿಂದ ಹೊರಟು ಜಗತ್ತಿನ ಕೊಳಕು ನೀರಿಗೆಲ್ಲ ಹರಡಿದ ಅತಿಥಿ. ಇದಕ್ಕೆ ಕಿವಿರಿಲ್ಲ, ಶ್ವಾಸಕೋಶ ಇದೆ. ನೀರಿನಲ್ಲಿ ಆಮ್ಲಜನಕ ಇಲ್ಲದಿದ್ದರೆ ಮೇಲೆ ಬಂದು ಗಾಳಿ ಎಳೆದುಕೊಂಡು ಹೋಗುತ್ತದೆ. ಹಾಗಾಗಿ 'ನೀರಲ್ಲಿ ಜೀವ ಇದೆಯಲ್ಲ' ಅಂತ ಯಾರಾದರೂ ನಿಮಗೆ ವರದಿ ಕೊಟ್ಟರೆ, ಯಾವ ಜೀವ ಅಂತ ಕೇಳಿ.

ಜಾತಿ ಬದಲಾದರೆ ನಮಗೇನು ಅನ್ನಬಹುದು. ಇದರ ಬಿಸಿ ತಟ್ಟುವುದು ದನಕರುಗಳಿಗೆ. ಕಿವಿರಿನ ಹುಳು ಹೋದ ಜಾಗಕ್ಕೆ ಬರುವ ಶ್ವಾಸಕೋಶದ ಹುಳುಗಳಲ್ಲಿ ನಮ್ಮವೇ ಆದ ಇನ್ನೆರಡು ಇವೆ. ಒಂದು ಚಕ್ಕುಲಿಯ ಹಾಗೆ ಚಪ್ಪಟೆ ಸುತ್ತಿದ ಇಂಡೋಪ್ಲಾನಾರ್ಬಿಸ್, ಇನ್ನೊಂದು ಲಿಮ್ನಿಯ. ಚರಂಡಿ ನೀರು ಉಂಡು ಜಲಪರ್ಣಿ ಎಂಬ ತೇಲುಕಳೆ ಹಬ್ಬಿದಲ್ಲಿ ಇವಕ್ಕೆ ಸುಗ್ಗಿ. ಎಲೆಯ ಅಡಿಗೆ ಮೊಟ್ಟೆ ಅಂಟಿಸುತ್ತವೆ. ದನಗಳ ಮೂಗು ಕಟ್ಟಿ ಗೊರಗೊರ ಅನ್ನಿಸುವ ಗೊರಕೆ ರೋಗದ ಜಂತು ಬೆಳೆಯುವುದು ಚಕ್ಕುಲಿ ಹುಳುವಿನಲ್ಲಿ. ಲಿವರಿನಲ್ಲಿ ಕೂತು ದನವನ್ನು ಸೊರಗಿಸುವ ಚಪ್ಪಟೆ ಜಂತು ಬೆಳೆಯುವುದು ಲಿಮ್ನಿಯದಲ್ಲಿ. ಭೀಮೆಯ ದಂಡೆಯಲ್ಲಿ ಎಮ್ಮೆ ತೊಳೆಯುವ ರೈತನಿಗೆ ಇದು ಪರಿಸರದ ವಿಷಯ ಅಲ್ಲ, ಹಾಲಿನ ಲೆಕ್ಕ.

ಇನ್ನು ಡಿಟರ್ಜೆಂಟು ಮತ್ತು ಔಷಧಿಗಳ ಚೂರುಗಳು. ಇವುಗಳಲ್ಲಿ ಕೆಲವು ಹಾರ್ಮೋನಿನ ಆಟ ಆಡುತ್ತವೆ. ಇಂಥ ಆಟವನ್ನು ಜಗತ್ತಿಗೆ ಎದ್ದು ಕಾಣುವಂತೆ ತೋರಿಸಿಕೊಟ್ಟದ್ದರಲ್ಲಿ ಬಸವನಹುಳುವಿನ ಬಳಗವೂ ಒಂದು, ಸಮುದ್ರದ್ದು. ಹಡಗಿನ ತಳಕ್ಕೆ ಬಳಿಯುತ್ತಿದ್ದ ಟಿಬಿಟಿ ಎಂಬ ತವರದ ಬಣ್ಣದಿಂದ ಹೆಣ್ಣು ಹುಳುಗಳಿಗೆ ಗಂಡಿನ ಅಂಗ ಬೆಳೆದು, ಮೊಟ್ಟೆ ಹೊರಬರುವ ದಾರಿ ಮುಚ್ಚಿ, ಇಂಗ್ಲೆಂಡಿನ ದಡಗಳಲ್ಲಿ ಸಂತತಿಯೇ ಖಾಲಿಯಾಯಿತು. 2008ರಲ್ಲಿ ಜಗತ್ತಿನಾದ್ಯಂತ ಆ ಬಣ್ಣಕ್ಕೆ ನಿಷೇಧ ಜಾರಿಗೆ ಬಂತು. ಆಮೇಲೆ, 2016ರಲ್ಲಿ, ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ, ರಾಸಾಯನಿಕಗಳನ್ನು ಪರೀಕ್ಷಿಸುವ ವಿಧಾನಗಳ ಪಟ್ಟಿಗೆ ಸಿಹಿನೀರಿನ ಎರಡು ಬಸವನಹುಳುಗಳ ಸಂತಾನ ಪರೀಕ್ಷೆಗಳೂ ಸೇರಿದವು. ಹೊರಗಿನವರು ಈ ಹುಳುವಿನ ಮಾತು ಕೇಳುತ್ತಾರೆ. ನಾವೂ ಕೇಳಬಹುದು ಅಲ್ವಾ?

ನಾನು ಕೇಳುವುದು ಹೊಸ ಕಾನೂನಲ್ಲ. ನದಿಯ ತಳದ ಜೀವಿಗಳನ್ನು ನೋಡಿ ನೀರಿನ ದರ್ಜೆ ಹೇಳುವ ವಿಧಾನ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹತ್ತಿರ ಈಗಾಗಲೇ ಇದೆ. ಬ್ರಿಟನ್ನಿನವರು ಮೊದಲು ಬಳಸುತ್ತಿದ್ದ ಇಂಥದೇ ಅಂಕಪಟ್ಟಿಯಲ್ಲಿ, ಕೊಳಕು ತಡೆಯಲಾರದ ಜೀವಿಗೆ ಹೆಚ್ಚು ಅಂಕ. ಮರಿ ಹಾಕುವ ಬಸವನಹುಳುವಿನ ಕುಟುಂಬಕ್ಕೆ 10ರಲ್ಲಿ 6 ಅಂಕ ಇತ್ತು, ಫೈಸಾ, ಲಿಮ್ನಿಯ ಕುಟುಂಬಗಳಿಗೆ 3. ಇಂದ್ರಾಯಣಿ, ಪವನಾ, ಮುಳಾ-ಮುಠಾ, ಭೀಮೆಗಳಲ್ಲಿ ಬಾಟಲಿ ತುಂಬುವ ಜಾಗಗಳಲ್ಲೇ ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ ಮತ್ತು ಮಳೆ ಮುಗಿದ ಮೇಲೆ ಒಮ್ಮೆ, ಈ ಎಣಿಕೆಯೂ ಆಗಲಿ. ಜೊತೆಗೆ ತಳದ ಕೆಸರಿನಲ್ಲಿ ತಾಮ್ರ, ನಿಕಲ್, ಕ್ರೋಮ್, ಸೀಸ ಎಷ್ಟಿದೆ ಅಂತ ಅಳೆಯಿರಿ. ಲೋಹ ನೀರಿನಲ್ಲಿ ಹೋಗಿಬಿಟ್ಟಂತೆ ಕಂಡರೂ ಕೆಸರಿನಲ್ಲಿ ಉಳಿದಿರುತ್ತದೆ. ಉಜನಿಯ ಹಿನ್ನೀರಿನ ಕೆಸರನ್ನು ಮರೆಯಬೇಡಿ. ಅಂಕಿಗಳನ್ನು ಕರ್ನಾಟಕದ ಮಂಡಳಿಗೂ ಕಳಿಸಿ. ಕೃಷ್ಣಾ ಕಣಿವೆಯ ನೀರಿಗಾಗಿ ಎರಡು ನ್ಯಾಯಮಂಡಳಿ ಕಂಡಿದ್ದೇವೆ, ಟಿಎಂಸಿಯ ದಶಾಂಶಕ್ಕೂ ಎರಡೂ ಸರ್ಕಾರಗಳು ಜಗಳ ಆಡುತ್ತವೆ. ಆ ಟಿಎಂಸಿಯೊಳಗೆ ಏನಿದೆ ಅನ್ನುವುದಕ್ಕೂ ಒಂದು ಪಟ್ಟಿ ಇರಲಿ.

ಸಣ್ಣ ಪ್ಲೇಟಿಂಗ್ ಶೆಡ್ಡುಗಳಿಗೆ ನೋಟಿಸ್ ಒಂದೇ ಸಾಲದು. ಅವರ ತೊಳೆ ನೀರನ್ನು ಟ್ಯಾಂಕರಿನಲ್ಲಿ ಎತ್ತಿಕೊಂಡು ಹೋಗಿ ಒಂದೇ ಕಡೆ ಶುದ್ಧ ಮಾಡುವ ವ್ಯವಸ್ಥೆ ಬೇಕು, ಅದರ ದರ ಅವರಿಗೆ ಕೈಗೆಟಕುವ ಹಾಗಿರಬೇಕು. ಸೀಲ್ ಹಾಕಿದ ಶೆಡ್ಡು ಇನ್ನೊಂದು ಗಲ್ಲಿಯಲ್ಲಿ ಬಾಗಿಲು ತೆರೆಯುತ್ತದೆ. ಅಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು ಮಾತ್ರ ಒಂದೆರಡು ತಿಂಗಳ ಪಗಾರ ಕಳೆದುಕೊಳ್ಳುತ್ತಾರೆ.

ಎಣಿಸಲು ಜನ ಎಲ್ಲಿದ್ದಾರೆ ಅಂತ ನಿಮ್ಮ ಅಧಿಕಾರಿಗಳು ಕೇಳಬಹುದು. ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಇರುವುದು ಇಲ್ಲೇ ಆಕುರ್ಡಿಯಲ್ಲಿ, ಪವನೆಗೂ ಇಂದ್ರಾಯಣಿಗೂ ನಡುವೆ. ಪುಣೆಯ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಮಕ್ಕಳಿಗೂ ಬರವಿಲ್ಲ. ಒಂದು ಜರಡಿ, ಒಂದು ಬಿಳಿ ತಟ್ಟೆ, ಒಂದು ಭೂತಗನ್ನಡಿ ಸಾಕು. ಮೊದಲ ಎಣಿಕೆ ಬರುವ ಮೇ ತಿಂಗಳಲ್ಲೇ, ಆಷಾಢದ ವಾರಿಗೆ (ಪಂಢರಪುರದ ಪಾದಯಾತ್ರೆಗೆ) ಜನ ದೇಹೂ, ಆಳಂದಿಗೆ ಬಂದು ನೀರಿಗಿಳಿಯುವುದಕ್ಕೆ ಮೊದಲೇ ಆಗಲಿ ಎಂದು ಕೋರುತ್ತೇನೆ.

ಇಂತಿ,
ಅಫಜಲಪುರ ತಾಲ್ಲೂಕಿನವ, ಈಗ ಭೋಸರಿಯ ನಿವಾಸಿ