ತಾಯಿ ದಪ್ಪ, ಮಗು ಬಡಕಲು: ತಪ್ಪು ತಾಯಿಯದಲ್ಲ

ಮಾನ್ಯ ಸಂಪಾದಕರೇ,

ಮಗು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಮನೆಯ ತಾಯಿಗೋ ಅಜ್ಜಿಗೋ ಬೊಜ್ಜು, ರಕ್ತದೊತ್ತಡ, ಸಕ್ಕರೆ ಕಾಯಿಲೆ. ಅಂಗನವಾಡಿ ಮೇಲ್ವಿಚಾರಕಿಯಾಗಿದ್ದ ನಾನು ಇಂಥ ಮನೆಗಳನ್ನು ಹಳ್ಳಿಗಳಲ್ಲೂ ಪಟ್ಟಣದ ಬಡಾವಣೆಗಳಲ್ಲೂ ಕಂಡಿದ್ದೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಯ ಬೆಳವಣಿಗೆ ಕುಂಠಿತವಾಗಿದೆ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 30.1ರಷ್ಟು ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚಾಗಿದೆ. ಮೊದಲನೆಯದು ಬಡವರ ಸಮಸ್ಯೆ, ಎರಡನೆಯದು ಉಳ್ಳವರ ಸಮಸ್ಯೆ ಎಂದು ವಿಂಗಡಿಸಿ ನೋಡುವುದರಿಂದ ಎರಡೂ ಒಂದೇ ಸೂರಿನಡಿ ಇರುವ ಮನೆಗಳು ಯಾರ ಕಣ್ಣಿಗೂ ಬೀಳುತ್ತಿಲ್ಲ.

ಇಂಥ ತಾಯಿಯನ್ನು ಕಂಡಾಗ ನೆರೆಹೊರೆಯವರಷ್ಟೇ ಅಲ್ಲ, ಕೆಲವೊಮ್ಮೆ ಆರೋಗ್ಯ ಸಿಬ್ಬಂದಿಯೂ ‘ಮಗುವಿನ ಪಾಲನ್ನೂ ಇವಳೇ ತಿನ್ನುತ್ತಾಳೆ’ ಎಂದುಬಿಡುತ್ತಾರೆ. ಇದು ಕ್ರೂರವಾದ ಮಾತು, ಸುಳ್ಳೂ ಹೌದು. ಮನೆಯಲ್ಲಿ ಬೇಯುವುದು ಎಲ್ಲರಿಗೂ ಅದೇ ಅನ್ನ, ಬೇಳೆ ಕಡಿಮೆಯಾದ ತಿಳಿಸಾರು. ಮಗುವಿನ ಹೊಟ್ಟೆ ಚಿಕ್ಕದು; ನೀರಾದ ಸಾರನ್ನ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿಸುತ್ತದೆಯೇ ಹೊರತು ಬೆಳೆಯಲು ಬೇಕಾದ ಸತ್ವವನ್ನು ಕೊಡುವುದಿಲ್ಲ. ನಡುವೆ ಅತ್ತರೆ ಕೈಗೆ ಬಿಸ್ಕತ್ತಿನ ಪೊಟ್ಟಣ ಬರುತ್ತದೆ, ಊಟದ ಹೊತ್ತಿಗೆ ಹಸಿವೇ ಇರುವುದಿಲ್ಲ. ಕೊನೆಯಲ್ಲಿ ಉಣ್ಣುವ ತಾಯಿಯಾದರೋ, ಪಲ್ಯ ಬೇಳೆಗಳೆಲ್ಲ ಮುಗಿದ ಮೇಲೆ ಉಳಿದ ಅನ್ನವನ್ನು ಚೆಲ್ಲಲಾಗದೆ ಹೆಚ್ಚಾಗಿ ಉಂಡು, ಸಂಜೆ ಸಕ್ಕರೆ ಹಾಕಿದ ಚಹಾದೊಂದಿಗೆ ಕರಿದದ್ದನ್ನು ತಿಂದು ತೂಕ ಏರಿಸಿಕೊಳ್ಳುತ್ತಾಳೆ. ದಪ್ಪಗಿದ್ದರೂ ಅವಳಿಗೆ ರಕ್ತಹೀನತೆ ಇರಬಹುದು. ಮೈ ತುಂಬಿದೆಯೆಂದು ಅದನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ.

ನಾವು ಕೊಡುವ ಸಲಹೆಯೂ ಗೊಂದಲದ್ದೇ. ಮಗುವಿನ ಅನ್ನಕ್ಕೆ ತುಪ್ಪವನ್ನೋ ಎಣ್ಣೆಯನ್ನೋ ಬೆರೆಸಿ ಎಂದು ಅಂಗನವಾಡಿಯಲ್ಲಿ ಹೇಳುತ್ತೇವೆ, ಎಣ್ಣೆ ಕಡಿಮೆ ಮಾಡಿ ಎಂದು ಆರೋಗ್ಯ ಕೇಂದ್ರದಲ್ಲಿ ಅದೇ ಮನೆಯ ಅಜ್ಜಿಗೆ ಹೇಳುತ್ತಾರೆ. ಎರಡೂ ಸರಿಯೇ. ಆದರೆ ಒಂದೇ ಒಲೆಯಲ್ಲಿ ಇವನ್ನು ಹೊಂದಿಸುವುದು ಹೇಗೆಂದು ಸೊಸೆಗೆ ತಿಳಿಸುವವರಿಲ್ಲ. ಅಡುಗೆಗೆ ಎಣ್ಣೆ ಮಿತವಾಗಿರಲಿ, ಮಗುವಿನ ತಟ್ಟೆಗೆ ಮಾತ್ರ ಒಂದು ಚಮಚ ಮೇಲಿಂದ ಬೀಳಲಿ. ಬೇಳೆ, ಕಾಳು, ಸೊಪ್ಪು, ತಿನ್ನುವವರಾದರೆ ಮೊಟ್ಟೆ ಎಲ್ಲರಿಗೂ ಇರಲಿ ಎಂಬಷ್ಟು ಸರಳ ವಿವರಣೆ ಸಾಕು. ಬೇಳೆಯ ಬೆಲೆಯನ್ನು ಬಲ್ಲ ನಾನು ಇದನ್ನು ಹಗುರವಾಗಿ ಹೇಳುತ್ತಿಲ್ಲ. ಪಡಿತರದಲ್ಲಿ ಅಕ್ಕಿಯ ಜೊತೆಗೆ ಬೇಳೆಯೂ ರಾಗಿ, ಜೋಳಗಳೂ ನಿಯಮಿತವಾಗಿ ಸಿಗದಿದ್ದರೆ ಎಂಥ ಸಲಹೆಯೂ ನಿಲ್ಲದು.

2018ರಲ್ಲಿ ಆರಂಭವಾದ ಪೋಷಣ್ ಅಭಿಯಾನದಡಿ ಅಂಗನವಾಡಿಗಳಿಗೆ ತಾಯಿ ಮತ್ತು ಮಗುವಿನ ತೂಕದ ಯಂತ್ರಗಳನ್ನು ಕೊಡಲಾಗಿದೆ. ಮಗುವಿನ ತೂಕ ನೋಡುವ ದಿನವೇ ತಾಯಿಯ ತೂಕವನ್ನೂ ದಾಖಲಿಸಿ, ಆಶಾ ಕಾರ್ಯಕರ್ತೆಯ ನೆರವಿನಿಂದ ಅವಳ ಹಾಗೂ ಮನೆಯ ಹಿರಿಯರ ರಕ್ತ ಪರೀಕ್ಷೆಗೆ ವ್ಯವಸ್ಥೆ ಮಾಡುವಂತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೂ ಆರೋಗ್ಯ ಇಲಾಖೆಯೂ ಜಂಟಿ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ. ಈಗಾಗಲೇ ಕೆಲಸದ ಹೊರೆಯಲ್ಲಿರುವ ಕಾರ್ಯಕರ್ತೆಯರಿಗೆ ಇದಕ್ಕಾಗಿ ಪ್ರತ್ಯೇಕ ಸಮಯವನ್ನೂ ಗೌರವಧನವನ್ನೂ ಆ ಆದೇಶದಲ್ಲೇ ನಿಗದಿಪಡಿಸಬೇಕು.

– ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ, ಕೊಪ್ಪಳ